ಕಡೂರು–ಅರಸೀಕೆರೆ ಗಡಿದಾರಿಯ ಹಕ್ಕಿ ಎಣಿಕೆ: ಮೂರನೇ ಸುತ್ತು ಮುಗಿದ ಮೇಲೆ

ದಾರಿ ಹಳೆಯದೇ. ಕಡೂರಿನಿಂದ ಹೊರಟು ಬಾಸೂರು ಕಾವಲಿನ (ಹುಲ್ಲುಗಾವಲಿನ) ಅಂಚು, ಅಲ್ಲಿಂದ ಅರಸೀಕೆರೆ ತಾಲ್ಲೂಕಿನ ಹೊಲದ ದಾರಿಗಳು. ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರು ಜಿಲ್ಲೆಗಳು ಒಂದಕ್ಕೊಂದು ತಾಗುವ ಮಳೆ ನೆರಳಿನ ಬಯಲು ಇದು. ಈ ಸಲ ಬದಲಾಗಿದ್ದು ಕಾರು ನಿಲ್ಲಿಸಿ ಹಕ್ಕಿ ಎಣಿಸುವ ನಿಲುಗಡೆಗಳ ಲೆಕ್ಕ.

ಮೊದಲ ಎರಡು ಸುತ್ತಿನಲ್ಲಿ 2 ಕಿ.ಮೀ.ಗೆ ಒಂದರಂತೆ 12 ನಿಲುಗಡೆ, ಒಂದೊಂದಕ್ಕೆ 15 ನಿಮಿಷ. ನಡುವಿನ ಓಡಾಟಕ್ಕೆ 6 ನಿಮಿಷ ಹಿಡಿದರೆ ಒಂದು ನಿಲುಗಡೆಗೆ 21 ನಿಮಿಷ ಬೇಕು. ಬೆಳಿಗ್ಗೆ 6:30ಕ್ಕೆ ಶುರು ಮಾಡಿದರೆ ಹತ್ತನೆಯದು ಶುರುವಾಗುವುದು 9:39ಕ್ಕೆ, ಹನ್ನೆರಡನೆಯದು 10:21ಕ್ಕೆ. ಮಾರ್ಚ್ ಬಿಸಿಲಿಗೆ ಒಂಬತ್ತೂವರೆ ಆಗುತ್ತಿದ್ದಂತೆ ಹಕ್ಕಿಗಳು ಜಾಲಿಯ ಬುಡ ಸೇರುತ್ತವೆ, ನೆಲದ ಮೇಲೆ ಬಿಸಿಲ್ಗುದುರೆ ಏಳುತ್ತದೆ. ಕೊನೆಯ ಮೂರು ನಿಲುಗಡೆಯಲ್ಲಿ ಕಂಡ ಹಕ್ಕಿಗಳ ಪಟ್ಟಿ ಎರಡೂ ಸಲ ಬಡವಾಗಿತ್ತು. ಜಾಗ ಸರಿಯಿಲ್ಲ ಎಂದು ಅವನ್ನು ಕೈಬಿಡುವ ಮಾತೂ ಬಂದಿತ್ತು. ಮೂರನೇ ಸುತ್ತನ್ನು ಉಲ್ಟಾ ಓಡಿಸಿದಾಗ ಅದೇ ಮೂರು ಜಾಗ ತುಂಬಿಕೊಂಡವು, ಕಡೂರು ಕಡೆಯವು ಖಾಲಿಯಾದವು. ಕೊರತೆ ಇದ್ದದ್ದು ಗಡಿಯಾರದಲ್ಲಿ.

ಹಾಗಾಗಿ ಇನ್ನು ದಿನಕ್ಕೆ 9 ನಿಲುಗಡೆ ಮಾತ್ರ. ಒಂಬತ್ತನೆಯದು 9:33ಕ್ಕೆ ಮುಗಿಯುತ್ತದೆ. ಉಳಿದ ಮೂರು ಮರುದಿನ ಬೆಳಿಗ್ಗೆ. ಸುತ್ತಿನಿಂದ ಸುತ್ತಿಗೆ ದಿಕ್ಕು ಬದಲಿಸುವುದು ಕಡ್ಡಾಯ. ಒಂದು ನಿಲುಗಡೆಗೆ ಒಂದು ಪಟ್ಟಿ. ಇಡೀ ದಾರಿಗೆ ಸೇರಿಸಿ ಒಂದೇ ಪಟ್ಟಿ ಮಾಡಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಗೋಕಟ್ಟೆಯನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇವೆ. ಅದು ಎಂಟನೇ ನಿಲುಗಡೆ: ನೇರ ಹೋದರೆ 8:57ಕ್ಕೆ, ಉಲ್ಟಾ ಬಂದರೆ 7:54ಕ್ಕೆ ಸಿಗುತ್ತದೆ. ಕಂದು ಹೊಟ್ಟೆಯ ಸ್ಯಾಂಡ್‌ಗ್ರೌಸ್ (ಪಾರಿವಾಳದಂತೆ ಕಾಣುವ ಬಯಲಿನ ಹಕ್ಕಿ) ನೀರಿಗೆ ಬರುವುದು ಸೂರ್ಯ ಹುಟ್ಟಿ ಒಂದೆರಡು ಗಂಟೆಯ ಮೇಲೆ, ಗುಂಪುಗುಂಪಾಗಿ, ಹತ್ತು ನಿಮಿಷದಲ್ಲಿ ಬಂದು ಹೋಗಿಬಿಡುತ್ತದೆ. 15 ನಿಮಿಷ ನಿಂತವರಿಗೆ ಅದು ಸಿಕ್ಕರೂ ಅದೃಷ್ಟ, ತಪ್ಪಿದರೂ ಅದೃಷ್ಟ. ಈಗ ಒಬ್ಬರು 7:30ರಿಂದ 9:30ರವರೆಗೆ ಅಲ್ಲೇ ಕೂರುತ್ತಾರೆ. ನೀರಿನಂಚಿಗೆ 50 ಮೀಟರ್‌ಗಿಂತ ಹತ್ತಿರ ಹೋಗುವುದಿಲ್ಲ, ಕಾರಿನಿಂದ ಇಳಿಯುವುದಿಲ್ಲ. ಗಂಡು ಹೊಟ್ಟೆಯ ಗರಿ ನೆನೆಸಿಕೊಂಡು ಮರಿಗಳಿಗೆ ನೀರು ಒಯ್ಯುತ್ತದೆ. ನಮ್ಮನ್ನು ಕಂಡು ಅದು ಹಾರಿಹೋದರೆ ಆ ಬಿಸಿಲಿನಲ್ಲಿ ಮರಿಗಳಿಗೆ ನೀರಿಲ್ಲ. ಚಿತ್ತಾರದ ಸ್ಯಾಂಡ್‌ಗ್ರೌಸ್ ಬೇಕಿದ್ದವರು ಸಂಜೆ ಕತ್ತಲು ಕವಿಯುವ ಹೊತ್ತಿಗೆ ಕಾಯಬೇಕು, ಬೆಳಗಿನ ಸರದಿಯಲ್ಲಿ ಅದು ಸಿಗದು.

ಲಾರ್ಕ್‌ಗಳ (ಬಯಲಿನ ಸಣ್ಣ ಕಂದು ಹಾಡುಹಕ್ಕಿಗಳು) ತಕರಾರು ಮುಗಿದಿಲ್ಲ. ತಂತಿಯ ಮೇಲಿಂದ ಹಾರಿ, ರೆಕ್ಕೆ ಬಿಚ್ಚಿ ತೇಲುತ್ತಾ ಮತ್ತೆ ಎತ್ತರದ ಆಸನಕ್ಕೇ ಇಳಿದರೆ ಜೆರ್ಡನ್ಸ್ ಬುಷ್‌ಲಾರ್ಕ್. ಕಲ್ಲುನೆಲದಿಂದ ಎದ್ದು ಇನ್ನಷ್ಟು ಮೇಲೇರಿ ಹಾಡಿ ನೆಲಕ್ಕೇ ಇಳಿದರೆ ಇಂಡಿಯನ್ ಬುಷ್‌ಲಾರ್ಕ್. ಉತ್ತ ಹೊಲದಲ್ಲಿ ಮಣ್ಣಿನ ಬಣ್ಣದ್ದು ಎದ್ದಾಗ ಬಾಲ ನೋಡಿ: ಕೆಂಗಂದು ಬಾಲದ ತುದಿಗೆ ಕಪ್ಪು ಪಟ್ಟಿ ಇದ್ದರೆ ರೂಫಸ್-ಟೇಲ್ಡ್. ಜುಟ್ಟಿನ ಎರಡು ಲಾರ್ಕ್‌ಗಳಲ್ಲೇ ತಪ್ಪು ಹೆಚ್ಚು. ಸೈಕ್ಸ್ ಲಾರ್ಕ್‌ಗೆ ಎದೆಯಲ್ಲಿ ಸಣ್ಣ, ವಿರಳ ಗೀರು, ಹೊಟ್ಟೆ ಗೋಧಿ ಬಣ್ಣ. ಮಲಬಾರ್ ಲಾರ್ಕ್‌ಗೆ ದಟ್ಟ ಗೀರು, ಹೊಟ್ಟೆ ಬಿಳಿ. ಜುಟ್ಟಿನ ಉದ್ದ ನೋಡಿ ತೀರ್ಮಾನಿಸಬೇಡಿ. ಕೆಂಪುಮಣ್ಣಿನಲ್ಲಿ ಹೊರಳಾಡಿದ ಹಕ್ಕಿಯ ಹೊಟ್ಟೆಯ ಬಣ್ಣವನ್ನೂ ನಂಬಬೇಡಿ. ಎದೆ ಕಾಣದಿದ್ದರೆ ‘ಲಾರ್ಕ್’ ಎಂದಷ್ಟೇ ಬರೆಯಿರಿ.

ಬಯಲಿನ ಮೇಲೆ ತಗ್ಗಿನಲ್ಲಿ ತೇಲುವ ಬೇಟೆಹಕ್ಕಿ ಹ್ಯಾರಿಯರ್‌ಗಳದ್ದೂ ಅದೇ ನಿಯಮ. ಮೊಂಟಾಗು ಗಂಡಿಗೆ ರೆಕ್ಕೆಯ ಮೇಲೆ ಕರಿಪಟ್ಟಿ, ಪ್ಯಾಲಿಡ್ ಗಂಡಿಗೆ ರೆಕ್ಕೆ ತುದಿಯಲ್ಲಿ ಕರಿ ಬೆಣೆ. ಕಂದು ಹೆಣ್ಣುಗಳನ್ನು ಫೋಟೊ ಇಲ್ಲದೆ ಬೇರ್ಪಡಿಸಿ ಬರೆಯುತ್ತಿಲ್ಲ.

ಸಲಕರಣೆಯಲ್ಲಿ ಗೆದ್ದದ್ದು ಕಾರಿನ ಕಿಟಕಿಯ ಮೇಲಿಟ್ಟು ಕ್ಯಾಮೆರಾ ಲೆನ್ಸ್ ಊರುವ ರಾಗಿ ಚೀಲ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಒಂದಡಿ ಕತ್ತರಿಸಿ, ಒಂದು ತುದಿಗೆ ಎರಡು ಸಾಲು ಹೊಲಿಗೆ ಹಾಕಿ, ಮೂರರಲ್ಲಿ ಎರಡು ಪಾಲಷ್ಟು ರಾಗಿ ತುಂಬಿ ಇನ್ನೊಂದು ತುದಿ ಹೊಲಿಯುವುದು. ಪೂರ್ತಿ ತುಂಬಿದರೆ ದಿಂಬಿನಂತೆ ಬಿಗಿದು ಲೆನ್ಸ್ ಜಾರುತ್ತದೆ. ಮೊದಲು ಅಕ್ಕಿ ತುಂಬಿದ್ದೆವು, ಹುಳ ಬಿತ್ತು. ರಾಗಿಗೆ ಆ ಕಾಟವಿಲ್ಲ, ಕಾಳು ಸಣ್ಣದಾದ್ದರಿಂದ ಲೆನ್ಸ್ ಕೆಳಗೆ ಸರಿಯಾಗಿ ಕೂರುತ್ತದೆ.

ಚೀಲ ಇದ್ದರೂ ಫೋಟೊ ಮಸುಕಾಗುತ್ತಿದ್ದದ್ದು ಏಸಿಯಿಂದ. ತಣ್ಣನೆ ಕಾರಿನ ಗಾಜು ಇಳಿಸಿದ ಕೂಡಲೇ ಒಳಗಿನ ಗಾಳಿ, ಹೊರಗಿನ ಝಳ ಕಿಟಕಿಯಲ್ಲೇ ಬೆರೆತು ಚಿತ್ರ ಅಲುಗುತ್ತದೆ. ನಿಲುಗಡೆಗೆ ಐದು ನಿಮಿಷ ಮುಂಚೆ ಏಸಿ ಆರಿಸಿ ಗಾಜು ಇಳಿಸಿ, ನಿಂತ ಮೇಲೆ ಎಂಜಿನ್ ಬಂದ್ ಮಾಡಿ. ಬಾನೆಟ್ ಮೇಲಿಂದ ಎಂದೂ ನೋಡಬೇಡಿ.

ಬಳ್ಳಾರಿ ಜಾಲಿ ಮುಳ್ಳು ಎರಡು ಟೈರ್ ತಿಂದಿದೆ. ಟ್ಯೂಬ್‌ಲೆಸ್ ಟೈರ್‌ನಲ್ಲಿ ಮುಳ್ಳು ಕಂಡ ತಕ್ಷಣ ಕೀಳಬೇಡಿ. ಪಂಕ್ಚರ್ ಮುಚ್ಚುವ ಸ್ಟ್ರಿಪ್, ಅಂಟು, ಪಂಪ್ ಕೈಗೆ ಸಿಗುವಂತೆ ಇಟ್ಟುಕೊಂಡು ಆಮೇಲೆ ಕೀಳಿ. ಡ್ಯಾಶ್‌ಬೋರ್ಡ್ ಬಿಸಿಲಿಗಿಟ್ಟ ಫೋನ್ ಕಾದು ತಾನೇ ಆಫ್ ಆಗುತ್ತದೆ, ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ಕುಡಿಯುವ ನೀರು ಒಬ್ಬೊಬ್ಬರಿಗೆ 4 ಲೀಟರ್.

ಬಾಸೂರು ಅಮೃತಮಹಲ್ ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ನಮ್ಮ ಎಣಿಕೆ ಪೂರ್ತಿ ರಸ್ತೆಯಿಂದ. ಇದನ್ನು ಒತ್ತಿ ಹೇಳುವ ಕಾರಣ ಹಳದಿ ಟಿಟ್ಟಿಭ ಎಂಬ ಹಕ್ಕಿ. ಬೇಸಿಗೆಯಲ್ಲಿ ಬರೀ ನೆಲದ ಮೇಲೆ, ಕಲ್ಲುಚೂರುಗಳ ನಡುವೆ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನದ್ದೇ ಬಣ್ಣ, ಮೂರು ಹೆಜ್ಜೆ ದೂರದಿಂದಲೂ ಕಾಣವು. ತಾಯಿ ಹೊಟ್ಟೆ ನೆನೆಸಿಕೊಂಡು ಬಂದು ಅವನ್ನು ತಂಪು ಮಾಡುತ್ತದೆ. ಕಾರು ತಿರುಗಿಸಲು ದಾರಿ ಬಿಟ್ಟು ಒಂದು ಗಾಲಿ ಕೆಳಗಿಳಿದರೂ ಗೂಡು ಹೋದಂತೆ. ಮುಂದಿನ ಸುತ್ತಿಗೆ ಮೊದಲು ತಿರುವು ತೆಗೆದುಕೊಳ್ಳಲು ಆಗುವ ಜಾಗಗಳನ್ನಷ್ಟೇ ನಕ್ಷೆಯಲ್ಲಿ ಗುರುತು ಮಾಡುವ ಕೆಲಸ ಬಾಕಿ ಇದೆ. ಐದು ಸಿಕ್ಕಿವೆ, ಆರು ಮತ್ತು ಏಳನೇ ನಿಲುಗಡೆಯ ನಡುವೆ ಇನ್ನೊಂದು ಬೇಕು.