ಹಗಲು ಲೈಟು ಕಿತ್ತಿದ್ದು

ನಮ್ಮ ಹಳೇ ಸೆಡಾನ್ ಕಾರಿನ ಡೇಟೈಮ್ ರನ್ನಿಂಗ್ ಲೈಟು, ಡಿಆರ್‌ಎಲ್ ಅಂತಾರಲ್ಲ, ಕಾರು ಓಡುವಾಗ ಹಗಲಲ್ಲೂ ಮುಂದ್ಗಡೆ ತಾನಾಗೇ ಉರಿಯೋ ಲೈಟು, ಅದನ್ನ ನಾನೇ ಬಂದ್ ಮಾಡಿದೀನಿ. ನಾವಿರೋದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿ ಕಾರು ಕಂಪನಿಗಳಲ್ಲೇ ಕೆಲಸ ಮಾಡೋ ಕನ್ನಡದವರು ಬೇಕಾದಷ್ಟು ಜನ ಇದಾರೆ, ಅವರ ಮುಂದೆ ಈ ವಿಷ್ಯ ತೆಗೆದ್ರೆ ಸಾಕು, ಸೇಫ್ಟಿಗೆ ಅಂತ ಕೊಟ್ಟಿರೋದನ್ನ ಯಾರಾದ್ರೂ ಕಿತ್ತಾಕ್ತಾರೇನ್ರೀ ಅಂತ ಕ್ಲಾಸ್ ತಗೋತಾರೆ. ನಾನು ಕಿತ್ತಿದ್ದೂ ಸೇಫ್ಟಿಗೇ ಅಂದ್ರೆ ನಗ್ತಾರೆ. ನಗಲಿ ಬಿಡಿ.

ಆಗಿದ್ದಿಷ್ಟು. ನವೆಂಬರ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದ ಮೇಲೆ ಇಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗಿಬಿಡ್ತಾನೆ, ಆಫೀಸ್ ಬಿಟ್ಟು ಮನೆಗೆ ಹೋಗೋದೇ ಕತ್ತಲಲ್ಲಿ. ಅವತ್ತು ಜಿಟಿಜಿಟಿ ಮಳೆ ಬೇರೆ. ಆನ್ ಆರ್ಬರ್ ಕಡೆಯಿಂದ ಎಂ-14 ರೋಡಲ್ಲಿ ಬರ್ತಿದೀನಿ, ಪಕ್ಕದಲ್ಲಿ ಹೆಂಡ್ತಿ, ಮುಂದೆ ಖಾಲಿ ಅಂದ್ಕೊಂಡು ಸ್ಪೀಡ್ ಸ್ವಲ್ಪ ಏರಿಸ್ತಿದ್ದಂಗೇ ಆ ಖಾಲಿ ಜಾಗದಲ್ಲಿ ಎರಡು ಕೆಂಪು ಬ್ರೇಕ್ ಲೈಟು ಪಕ್ಕನೆ ಹತ್ಕೊಂಡ್ವು. ಬೂದು ಬಣ್ಣದ ಎಸ್‌ಯುವಿ, ಮಳೆಯಲ್ಲಿ ರೋಡಿಗೂ ಅದಕ್ಕೂ ವ್ಯತ್ಯಾಸನೇ ಗೊತ್ತಾಗ್ತಿರ್ಲಿಲ್ಲ, ಬ್ರೇಕ್ ಬಿಟ್ಟ ತಕ್ಷಣ ಮತ್ತೆ ಮಾಯ. ಹಿಂದ್ಗಡೆ ಉರೀಬೇಕಾದ ಕೆಂಪು ಟೇಲ್ ಲ್ಯಾಂಪೇ ಹತ್ತಿಲ್ಲ. ಪಕ್ಕದ ಲೇನಿಗೆ ಬಂದು ದಾಟ್ಕೊಂಡು ಹೋಗುವಾಗ ಕನ್ನಡೀಲಿ ನೋಡ್ತೀನಿ, ಮುಂದ್ಗಡೆ ಎರಡೂ ಲೈಟು ಚೆನ್ನಾಗೇ ಉರೀತಿದಾವೆ! ಓಡಿಸ್ತಿದ್ದ ಪುಣ್ಯಾತ್ಮನಿಗೆ ಏನೂ ಅನುಮಾನ ಬಂದಿರಲ್ಲ, ರೋಡ್ ಮೇಲೆ ಬೆಳಕು ಬೀಳ್ತಿದೆ, ಮೀಟರ್ ಬೋರ್ಡು ಝಗಮಗ ಅಂತಿದೆ, ಇನ್ನೇನು ಬೇಕು.

ಹೆಂಡ್ತಿ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಕೇಳಿದ್ಳು, "ರೀ, ನಮ್ ಕಾರೂ ಹಿಂಗೇ ಅಲ್ವಾ?"

ಮನೆ ಮುಂದೆ ಕಾರು ನಿಲ್ಸಿ ಲೈಟಿನ ಸ್ವಿಚ್ ಆಫ್ ಮಾಡಿ ಅವಳನ್ನ ಹಿಂದೆ ನಿಲ್ಲಿಸಿದೆ. ಗ್ಯಾರೇಜ್ ಬಾಗಿಲ ಮೇಲೆ ಬೆಳಕಿದೆ, ಮೀಟರ್ ಹತ್ತಿದೆ, ಹಿಂದೆ ಪೂರ್ತಿ ಕತ್ತಲೆ. ನಮ್ಮದು ಹಳೇ ಮಾಡೆಲ್, ಕತ್ತಲಾದ್ರೆ ತಾನೇ ಹೆಡ್‌ಲೈಟ್ ಹಾಕೋ ಸೆನ್ಸರ್ ಇಲ್ಲ. ಹೈಬೀಮ್ ಬಲ್ಬುಗಳನ್ನೇ ಹಗಲು ಹೊತ್ತು ಸೀರೀಸ್‌ನಲ್ಲಿ ಜೋಡಿಸ್ತಾರೆ, ಬ್ಯಾಟರಿ ವೋಲ್ಟೇಜು ಎರಡಕ್ಕೂ ಅರ್ಧ ಅರ್ಧ ಹಂಚಿಹೋಗಿ ಮಬ್ಬಾಗಿ ಉರೀತವೆ, ಅದೇ ಡಿಆರ್‌ಎಲ್. ಹಿಂದಿನ ಲೈಟಿಗೂ ಅದಕ್ಕೂ ಸಂಬಂಧನೇ ಇಲ್ಲ. ಊರೊಳಗೆ ಬೀದಿ ದೀಪ ಇರೋ ಕಡೆ ಓಡಿಸುವಾಗ ಈ ಮಬ್ಬು ಬೆಳಕೇ ಸಾಕು ಅನ್ಸಿಬಿಡುತ್ತೆ, ಸ್ವಿಚ್ ತಿರುಗಿಸೋ ಯೋಚ್ನೆನೇ ಬರಲ್ಲ. ಮುಂದ್ಗಡೆ ಕತ್ತಲೆ ಇದ್ರೆ ತಾನೇ ಕೈ ಸ್ವಿಚ್ಚಿಗೆ ಹೋಗೋದು? ಆ ಕತ್ತಲೆನೇ ಕಾಣದಂಗೆ ಮಾಡಿಟ್ಟಿದಾರೆ. ಕೆನಡಾದವರು ಕೊನೆಗೆ ಇದಕ್ಕೊಂದು ರೂಲ್ ಮಾಡಿದ್ರು, 2021ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾರೋ ಹೊಸ ಗಾಡಿಗಳಲ್ಲಿ ಒಂದೋ ಡಿಆರ್‌ಎಲ್ ಜೊತೆ ಟೇಲ್ ಲ್ಯಾಂಪೂ ಉರೀಬೇಕು, ಇಲ್ಲಾ ಕತ್ತಲಾದ್ರೆ ಎಲ್ಲಾ ಲೈಟು ತಾನೇ ಹತ್ಕೋಬೇಕು, ಅದೂ ಇಲ್ಲಾಂದ್ರೆ ಡ್ರೈವರ್‌ಗೆ ಗೊತ್ತಾಗೋ ಹಂಗೆ ಮೀಟರ್ ಬೋರ್ಡು ಕತ್ತಲಾಗಿರ್ಬೇಕು. ಸರಿಯಾದ ರೂಲು. ಹಳೇ ಕಾರಿನವರ ಗತಿ ಏನು ಮತ್ತೆ.

ಮೊದ್ಲು ಸರ್ವೀಸ್ ಸೆಂಟರಲ್ಲೇ ಕೇಳ್ದೆ. ಕೌಂಟರಲ್ಲಿದ್ದವನು ನಾನೇನೋ ಬ್ರೇಕ್ ತೆಗೆದುಹಾಕಿ ಅಂದಂಗೆ ನೋಡ್ದ, ನಾವು ಅದನ್ನ ಮುಟ್ಟಲ್ಲ ಸರ್ ಅಂದ. ಕಾನೂನು ಏನು ಹೇಳುತ್ತೆ ಅಂತ ರಾತ್ರಿ ಕೂತು ಓದ್ದೆ. ಸ್ವೀಡನ್‌ನಲ್ಲಿ 1977ರಿಂದಲೇ ಹಗಲು ಲೈಟು ಹಾಕೋದು ಕಡ್ಡಾಯ, ಅಲ್ಲಿ ಚಳಿಗಾಲದಲ್ಲಿ ಹಗಲು ಅನ್ನೋದೇ ಕಮ್ಮಿ, ಒಪ್ಕೋಬೇಕಾದ್ದೇ. ಕೆನಡಾದಲ್ಲಿ 1989ರ ಡಿಸೆಂಬರ್ 1ರಿಂದ ತಯಾರಾದ ಗಾಡಿಗೆಲ್ಲ ಬೇಕೇ ಬೇಕು. ಅಮೆರಿಕದಲ್ಲಿ ಮಾತ್ರ 1993ರಲ್ಲಿ ಕೇಂದ್ರ ಸರ್ಕಾರ ಹಾಕ್ಕೊಳ್ಳಿ ಅಂತ ಪರ್ಮಿಶನ್ ಕೊಟ್ಟಿದ್ದು ಅಷ್ಟೇ, ಕಡ್ಡಾಯ ಯಾವತ್ತೂ ಮಾಡಿಲ್ಲ. ಕಡ್ಡಾಯ ಮಾಡಿ ಅಂತ ಅರ್ಜಿ ಬಂದಿತ್ತಂತೆ, ಇಲ್ಲಿನ ಹೆದ್ದಾರಿ ಸುರಕ್ಷತೆ ಇಲಾಖೆಯವರು 2008ರಲ್ಲಿ ಲೆಕ್ಕ ಹಾಕಿ ನೋಡಿದಾಗ ಒಟ್ಟಾರೆ ಹೇಳ್ಕೊಳ್ಳೋ ಅಂಥ ಪರಿಣಾಮ ಕಾಣ್ಲಿಲ್ಲ, ಮಾರನೇ ವರ್ಷ ಅರ್ಜಿ ತಳ್ಳಿಹಾಕಿದ್ರು. ಮಿಶಿಗನ್ನಿನ ಕಾನೂನಲ್ಲೂ ಸೂರ್ಯ ಮುಳುಗಿ ಅರ್ಧ ಗಂಟೆ ಆದ್ಮೇಲೆ, ಇಲ್ಲಾ 500 ಅಡಿ ದೂರ ಸರಿಯಾಗಿ ಕಾಣದೆ ಇದ್ದಾಗ ಲೈಟ್ ಹಾಕಿ ಅಂತಿದೆ. ಕೆಲವು ಇನ್ಶೂರೆನ್ಸ್‌ನವರು ಡಿಆರ್‌ಎಲ್ ಇದ್ರೆ ಪುಡಿಗಾಸು ಡಿಸ್ಕೌಂಟ್ ಕೊಡ್ತಾರೆ, ಹಂಗೆ ತಗೊಂಡಿದ್ರೆ ಕಿತ್ತ ಮೇಲೆ ಅವ್ರಿಗೆ ಹೇಳ್ಬೇಕಾಗುತ್ತೆ. ನಮ್ಮ ಪಾಲಿಸೀಲಿ ಅದರ ಸುದ್ದಿನೇ ಇರ್ಲಿಲ್ಲ, ಒಳ್ಳೇದಾಯ್ತು.

ಇನ್ನು ಕೀಳೋದು ಹೆಂಗೆ. ನಮ್ಮ ಕಾರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಸ್ಟಾರ್ಟ್ ಮಾಡಿದ್ರೆ ಡಿಆರ್‌ಎಲ್ ಹತ್ಕೊಳಲ್ಲ, ಹ್ಯಾಂಡ್‌ಬ್ರೇಕ್ ಬಿಟ್ಟ ಕೂಡ್ಲೇ ಹತ್ಕೊಳುತ್ತೆ. ಅದಕ್ಕೇ ಕೆಲವರು ಹ್ಯಾಂಡ್‌ಬ್ರೇಕ್ ಸ್ವಿಚ್ಚಿನ ವೈರನ್ನ ಕಾರಿನ ಲೋಹದ ಮೈಗೆ ಜೋಡಿಸಿ, ಅಂದ್ರೆ ಅರ್ತ್ ಮಾಡಿ, ಕಾರಿಗೇ ಮೋಸ ಮಾಡ್ತಾರೆ, ಬ್ರೇಕ್ ಯಾವಾಗ್ಲೂ ಎಳೆದೇ ಇದೆ ಅಂತ ಅದು ನಂಬುತ್ತೆ. ಇದು ಮಾತ್ರ ನನಗೆ ಸುತರಾಂ ಹಿಡಿಸ್ಲಿಲ್ಲ, ಯಾಕಂದ್ರೆ ಆ ಕೆಂಪು ಬ್ರೇಕ್ ಲೈಟು ಮೀಟರಲ್ಲಿ ಸದಾ ಉರೀತಾ ಇರುತ್ತೆ, ನಾಳೆ ನಿಜವಾಗ್ಲೂ ಬ್ರೇಕ್ ಆಯಿಲ್ ಕಮ್ಮಿ ಆದ್ರೂ ಅದೇ ಲೈಟು ತಾನೇ ಹೇಳ್ಬೇಕಾಗಿರೋದು. ಫ್ಯೂಸ್ ಕೀಳೋಣ ಅಂದ್ರೆ ಅದೇ ಫ್ಯೂಸಿಂದ ಬೇರೆ ಯಾವ್ದಕ್ಕೋ ಕರೆಂಟ್ ಹೋಗ್ತಿರ್ಬೋದು. ಉಳಿದಿದ್ದು ರಿಲೇ, ಅಂದ್ರೆ ಆ ಲೈಟಿಗೆ ಕರೆಂಟ್ ಬಿಡೋ, ನಿಲ್ಸೋ ಪುಟ್ಟ ಸ್ವಿಚ್ಚು.

ಶನಿವಾರ ಬೆಳಗ್ಗೆ ಕಾಫಿ ಕುಡಿದು ಬಾನೆಟ್ ಎತ್ತಿದೆ. ಬ್ಯಾಟರಿ ಪಕ್ಕದಲ್ಲಿ ಫ್ಯೂಸ್ ಬಾಕ್ಸು, ಕಪ್ಪು ಮುಚ್ಚಳ, ಒಳಗಡೆ ನಕ್ಷೆ ಅಂಟಿಸಿರ್ತಾರಲ್ಲ, ಅಕ್ಷರ ಎಷ್ಟು ಸಣ್ಣದು ಅಂದ್ರೆ ಫೋನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡ್ಕೊಂಡು ಓದ್ಬೇಕಾಯ್ತು. ಡಿಆರ್‌ಎಲ್ ಅಂತ ಬರೆದಿರೋ ಮನೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ ಕೂತಿತ್ತು. ಇಂಜಿನ್ ಆಫ್, ಕೀ ಜೇಬಲ್ಲಿ. ಕೈಯಲ್ಲಿ ಎಳೆದ್ರೆ ಜಪ್ಪಯ್ಯ ಅಂದ್ರೂ ಬರಲ್ಲ, ಎಷ್ಟೋ ವರ್ಷದಿಂದ ಕೂತಿರೋದು, ಚಳಿಗೆ ಪ್ಲಾಸ್ಟಿಕ್ಕೂ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟೋದು ಬೇಡ ಅನ್ನಿಸ್ತು, ಪಕ್ಕದ್ದು ಮುರಿದ್ರೆ ಇನ್ನೊಂದು ಕಥೆ. ಪ್ಲೈಯರಿನ ಬಾಯಿಗೆ ಬಟ್ಟೆ ಸುತ್ತಿ ರಿಲೇನ ಮೆತ್ತಗೆ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸ್ತಾ ಮೇಲಕ್ಕೆತ್ತಿದೆ, ಒಂದು ಮೂಲೆ ಎದ್ದಿತು, ಇನ್ನೊಂದು ಮೂಲೆ ಎದ್ದಿತು, ಆಮೇಲೆ ಟಕ್ ಅಂತ ಕೈಗೆ ಬಂತು. ಕೆಳಗಡೆ ಚಪ್ಪಟೆ ಪಿನ್ನುಗಳು ಹೊಸದರ ಥರ ಹೊಳೀತಿದ್ವು.

ಕಿತ್ತ ಮೇಲೆ ಚೆಕ್ ಮಾಡೋದೇ ದೊಡ್ಡ ಕೆಲಸ, ಅದನ್ನ ಬಿಡ್ಬಾರ್ದು. ಕೆಲವು ಗಾಡಿಗಳಲ್ಲಿ ಹೈಬೀಮಿನ ಕರೆಂಟೇ ಈ ರಿಲೇ ಮೂಲಕ ಹೋಗುತ್ತೆ, ಕಿತ್ತರೆ ಅದೂ ಹೋಯ್ತು. ಸ್ಟಾರ್ಟ್ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟೆ, ಮುಂದ್ಗಡೆ ಏನೂ ಇಲ್ಲ. ಲೋಬೀಮ್ ಬಂತು, ಹೈಬೀಮೂ ಫುಲ್ ಬೆಳಕಲ್ಲಿ ಬಂತು, ಇಂಡಿಕೇಟರು, ಟೇಲ್ ಲ್ಯಾಂಪು, ಬ್ರೇಕ್ ಲೈಟು ಎಲ್ಲಾ ಸರಿ ಇತ್ತು, ಮೀಟರಲ್ಲಿ ಹೊಸ ವಾರ್ನಿಂಗ್ ಏನೂ ಬರ್ಲಿಲ್ಲ. ರಿಲೇನ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಗ್ಲೋವ್ ಬಾಕ್ಸಲ್ಲಿ ಇಟ್ಟೆ, ಕಾರು ಮಾರೋ ದಿನ ವಾಪಸ್ ಹಾಕಿ ಕೊಡೋದೇ ನ್ಯಾಯ. ಈಗ ಮೋಡ ಮುಸುಕಿದ್ರೆ ಸಾಕು, ಮುಂದೆ ಬೆಳಕಿಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತೆ, ಸ್ವಿಚ್ ತಿರುಗಿಸ್ತೀನಿ, ಮುಂದೆ ಹಿಂದೆ ಎರಡೂ ಒಟ್ಟಿಗೆ ಹತ್ಕೊಳುತ್ತೆ. ಸೆನ್ಸರ್ ಇರೋ ಹೊಸ ಕಾರಾಗಿದ್ರೆ ನಾನು ಬಾನೆಟ್ಟೇ ಎತ್ತುತಿರ್ಲಿಲ್ಲ, ಇದು ಎಲ್ಲರಿಗೂ ಹೇಳೋ ಔಷಧಿ ಅಲ್ಲ.

ಬೇಸಿಗೆಗೆ ಅಪ್ಪ ಅರಸೀಕೆರೆಯಿಂದ ಬಂದ್ರು. ಅವರಿದ್ದಾಗ ಡಿಯರ್‌ಬಾರ್ನ್‌ನ ಫೋರ್ಡ್-ವಯೋಮಿಂಗ್ ಡ್ರೈವ್-ಇನ್ನಿಗೆ ಹೋಗಿದ್ವಿ, 1950ರಿಂದ ಇರೋದು, ಕಾರಲ್ಲೇ ಕೂತು ರೇಡಿಯೋದಲ್ಲಿ ಸೌಂಡ್ ಕೇಳ್ತಾ ಸಿನಿಮಾ ನೋಡೋದು. ಸೆಕೆಗೆ ಇಂಜಿನ್ ಹಾಕಿ ಏಸಿ ಬಿಟ್ಕೊಂಡ್ರೂ ನಮ್ಮ ಕಾರಿಂದ ಮುಂದಿನವರ ಮೇಲೆ ಬೆಳಕು ಬೀಳ್ಲಿಲ್ಲ, ಇದೊಂದು ಬೋನಸ್ಸು. ಅಪ್ಪನಿಗೆ ಸಿನಿಮಾಕ್ಕಿಂತ ರೋಡ್ ಮೇಲೇ ಕಣ್ಣು. "ಇಲ್ಲಿ ಎಲ್ರೂ ಹಾಡಹಗಲೇ ಲೈಟ್ ಹಾಕ್ಕೊಂಡು ಓಡಾಡ್ತಾರಲ್ಲೋ, ಯಾರೂ ಕೈ ಮಾಡಿ ಹೇಳಲ್ವಾ?" ನಮ್ಮೂರ ಕಡೆ ಗೊತ್ತಲ್ಲ, ಹಗಲಲ್ಲಿ ಲೈಟ್ ಉರೀತಿದ್ರೆ ಎದುರಿಗೆ ಬರೋರು ಕೈ ಎತ್ತಿ ಬೆರಳು ಮಡಚಿ ಬಿಡಿಸಿ ಮಡಚಿ ಬಿಡಿಸಿ ಸನ್ನೆ ಮಾಡ್ತಾರೆ, ಗುರುತು ಪರಿಚಯ ಏನೂ ಬೇಕಾಗಿಲ್ಲ.

ಅವರ ಜೊತೆನೇ ವಿಂಡ್ಸರ್ ಮೇಲೆ ನಯಾಗರಾಗೂ ಹೋದ್ವಿ. ಆ ಕಡೆ ಕೆನಡಾ, ಹಗಲು ಲೈಟು ಅವರ ನೆಲದ ಪದ್ಧತಿ, ಅವರ ಊರಲ್ಲಿ ನಮ್ಮ ವಾದ ಯಾಕೆ ಬೇಕು ಅಂತ ಗಡಿ ದಾಟೋ ಅಂಬಾಸಡರ್ ಬ್ರಿಡ್ಜ್ ಹತ್ತೋಕೆ ಮುಂಚೆ ಒಂದು ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ರಿಲೇ ವಾಪಸ್ ಒತ್ತಿ ಕೂರಿಸ್ದೆ. ಅಪ್ಪ ಇಳಿದು ಬಂದು ಪಕ್ಕದಲ್ಲೇ ಬಗ್ಗಿ ನೋಡ್ತಾ ನಿಂತ್ರು. "ಇಷ್ಟೇನಾ? ಹಂಗಾದ್ರೆ ನನ್ ಸ್ಕೂಟರ್ದೂ ಹಿಂಗೇ ಕಿತ್ಕೊಡು." ಅವರ ಹೊಸ ಸ್ಕೂಟರಲ್ಲಿ ಲೈಟಿಗೆ ಆಫ್ ಸ್ವಿಚ್ಚೇ ಇಲ್ಲ, ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ಟೂವೀಲರ್‌ಗೆಲ್ಲ ಇಂಜಿನ್ ಸ್ಟಾರ್ಟ್ ಆದ್ರೆ ಲೈಟ್ ಉರೀಲೇಬೇಕು ಅಂತ ಆಗಿದೆಯಲ್ಲ. ಅದು ಕಾನೂನು ಅಪ್ಪ, ಮುಟ್ಟೋ ಹಂಗಿಲ್ಲ, ಅದೂ ಅಲ್ದೆ ಸ್ಕೂಟರಲ್ಲಿ ಹಿಂದಿನ ಲೈಟೂ ಜೊತೆಗೇ ಉರಿಯುತ್ತೆ, ಲಾರಿ ಮಧ್ಯೆ ಓಡಾಡೋ ಗಾಡಿ, ಕಾಣ್ಲಿ ಬಿಡಿ ಅಂದೆ.

"ಸರಿ ಹಂಗಾದ್ರೆ," ಅಂದ್ರು ಅಪ್ಪ, ಬಾನೆಟ್ ಅವರೇ ಧಡ್ ಅಂತ ಮುಚ್ಚಿ, "ಅರಸೀಕೆರೆಯಿಂದ ತಿಪಟೂರಿನ ತನಕ ನಂಗೆ ಕೈ ಸನ್ನೆ ಮಾಡೋರಿಗೆಲ್ಲ ನೀನೇ ಫೋನ್ ಮಾಡಿ ಹೇಳು."