ಟ್ಯಾಗಿನ ಮೇಲಿನ ಮಗು, ಹೊಲಿಗೆಯವಳ ಮಗು

ಒಂದು ಜೊತೆ ಶೂ ಕೊಂಡರೆ ಇನ್ನೊಂದು ಜೊತೆ ಎಲ್ಲೋ ಇರುವ ಬಡ ಮಗುವಿಗೆ ಉಚಿತವಾಗಿ ಸಲ್ಲುತ್ತದೆ ಎಂಬ ವ್ಯಾಪಾರದ ಸೂತ್ರಕ್ಕೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದು ಅಮೆರಿಕದ ಟಾಮ್ಸ್ ಕಂಪನಿ. 2006ರಲ್ಲಿ ಅರ್ಜೆಂಟೀನಾ ಪ್ರವಾಸದಲ್ಲಿದ್ದ ಬ್ಲೇಕ್ ಮೈಕೋಸ್ಕಿ ಎಂಬ ಉದ್ಯಮಿ ಅಲ್ಲಿನ ರೈತಾಪಿ ಜನ ಮೆಟ್ಟುವ ಅಲ್ಪಾರ್ಗಾತ ಎಂಬ ಹಗುರವಾದ ಕ್ಯಾನ್ವಾಸ್ ಶೂಗಳನ್ನು ಕಂಡು ಮೆಚ್ಚಿದರು. ಅದೇ ನಾಡಿನಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳನ್ನೂ ಕಂಡರು. ಆ ಶೂಗಳನ್ನು ಅಮೆರಿಕದ ಗಿರಾಕಿಗಳಿಗೆ ಮಾರುವುದು, ಮಾರಿದಷ್ಟೇ ಜೊತೆಗಳನ್ನು ಮಕ್ಕಳಿಗೆ ಕೊಡುವುದು ಎಂದು ಕಂಪನಿ ಕಟ್ಟಿದರು. ಅದೇ ವರ್ಷ ಹತ್ತು ಸಾವಿರ ಜೊತೆ ಹಂಚಲು ಅರ್ಜೆಂಟೀನಾಕ್ಕೆ ಮರಳಿದರು. 2014ರಲ್ಲಿ ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಅರ್ಧ ಪಾಲನ್ನು ಕೊಂಡಾಗ ಕಂಪನಿಗೆ ಕಟ್ಟಲಾದ ಬೆಲೆ 62.5 ಕೋಟಿ ಡಾಲರ್. ಶೂ ಕೊಂಡ ಗಿರಾಕಿಗಳೇ ಕಂಪನಿಯ ಕತೆಯನ್ನು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದ್ದು ಈ ಬೆಳವಣಿಗೆಗೆ ಬಹುಮುಖ್ಯ ಕಾರಣವೆಂದು ನನ್ನ ಭಾವನೆ.

ಬೆಂಗಳೂರಿನ ರಫ್ತು ಗಾರ್ಮೆಂಟ್ಸ್ ಒಂದರಲ್ಲಿ ಹಲವು ವರ್ಷ ಮರ್ಚೆಂಡೈಸರ್ ಆಗಿ ದುಡಿದವಳು ನಾನು. ವಿದೇಶದ ಬಯರ್‌ಗೂ ನಮ್ಮ ಹೊಲಿಗೆಯ ಲೈನ್‌ಗೂ ನಡುವೆ ನಿಂತು ಬೆಲೆ, ಬಣ್ಣ, ಗಡುವುಗಳ ತಕರಾರನ್ನು ತೀರಿಸುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಫ್ಯಾಷನ್ ವ್ಯಾಪಾರವೂ ಮಕ್ಕಳ ಸೇವೆಯೂ ಕೈಜೋಡಿಸಿದ ಸುದ್ದಿ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ದಾನ ಪಡೆದ ಮಗುವಿನ ನಗುಮುಖವಲ್ಲ, ಕಾಸ್ಟಿಂಗ್ ಶೀಟು, ಅಂದರೆ ಒಂದು ಉಡುಪಿನ ಖರ್ಚನ್ನು ಸಾಲುಸಾಲಾಗಿ ಬರೆದ ಲೆಕ್ಕದ ಹಾಳೆ. ಇದನ್ನು ಸಿನಿಕತನವೆಂದು ತಿಳಿಯಬಾರದಾಗಿ ವಿನಂತಿ. ಬಡ ಮಗುವಿಗೆ ನೆರವಾಗಬೇಕೆಂಬ ಗಿರಾಕಿಯ ಆಸೆ ನಿಜವಾದದ್ದೇ. ಆ ಆಸೆಯಿಂದ ಬಂದ ಹಣ ಸರಪಳಿಯ ಯಾವ ಕೊಂಡಿಯಲ್ಲಿ ಇಳಿಯಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಟಾಮ್ಸ್ ವಿಷಯದಲ್ಲಿ ಒಂದು ಮಾತನ್ನು ಮೆಚ್ಚಿಯೇ ಹೇಳಬೇಕು. ತಾನು ಕೊಟ್ಟ ಶೂಗಳಿಂದ ನಿಜವಾಗಿ ಏನಾಯಿತೆಂದು ಪರೀಕ್ಷಿಸಲು ಕಂಪನಿ ಹೊರಗಿನ ಸಂಶೋಧಕರಿಗೆ ಬಾಗಿಲು ತೆರೆಯಿತು. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಎಲ್ ಸಾಲ್ವಡಾರ್‌ನ 18 ಗ್ರಾಮ ಸಮುದಾಯಗಳಲ್ಲಿ 1,578 ಮಕ್ಕಳನ್ನು ಆರಿಸಿ, ಕೆಲವು ಊರುಗಳಿಗೆ ಮೊದಲು ಶೂ ಕೊಟ್ಟು ಉಳಿದವುಗಳಿಗೆ ಆಮೇಲೆ ಕೊಟ್ಟು, ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. ಮಕ್ಕಳು ಶೂಗಳನ್ನು ಇಷ್ಟಪಟ್ಟರು, ಬಹಳ ಮಂದಿ ಮೆಟ್ಟಿಯೂ ತಿರುಗಿದರು. ಆದರೆ ಅವರಲ್ಲಿ ಹೆಚ್ಚಿನವರ ಬಳಿ ಅದಾಗಲೇ ಒಂದು ಜೊತೆ ಇತ್ತು. ಆರೋಗ್ಯದಲ್ಲಾಗಲಿ ಆತ್ಮಗೌರವದಲ್ಲಾಗಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ನಮ್ಮ ಮನೆಯ ಅಗತ್ಯಗಳನ್ನು ಬೇರೆಯವರು ಪೂರೈಸಬೇಕು ಎಂದು ಹೇಳಿದ ಮಕ್ಕಳ ಪ್ರಮಾಣ ಶೂ ಪಡೆಯದವರಲ್ಲಿ ಶೇ 66 ಇದ್ದರೆ, ಪಡೆದವರಲ್ಲಿ ಶೇ 79 ಇತ್ತು. ಊರಿನ ಶೂ ಅಂಗಡಿಗಳ ವ್ಯಾಪಾರಕ್ಕೆ ಸಣ್ಣ ಪೆಟ್ಟು ಬಿದ್ದ ಸುಳಿವಿತ್ತು, ಆದರೆ ಅದು ಖಚಿತವಾಗಿ ಹೇಳುವಷ್ಟು ಇರಲಿಲ್ಲ.

ಶೂ ಕೊಡುವುದೇ ವ್ಯರ್ಥವೆಂದು ಇದರಿಂದ ತೀರ್ಮಾನಿಸಲಾಗದು. ಇಥಿಯೋಪಿಯದ ಎತ್ತರದ ನಾಡುಗಳಲ್ಲಿ, ಜ್ವಾಲಾಮುಖಿಯಿಂದಾದ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ನಡೆದವರಿಗೆ ಕಾಲು ಊದಿಕೊಳ್ಳುವ ಪೋಡೊಕೋನಿಯೋಸಿಸ್ ಎಂಬ ರೋಗವಿದೆ. ಅಲ್ಲಿ ಶೂ ಎಂದರೆ ಔಷಧಿಯೇ. ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೂ ರಾಜ್ಯ ಸರ್ಕಾರ ಶೂ, ಸಾಕ್ಸ್ ಕೊಡುತ್ತಿದೆ. ಆದರೆ ಇಲ್ಲಿ ಹಣ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಬರುತ್ತದೆ, ಖರೀದಿಯನ್ನು ಆ ಸಮಿತಿಯೇ ಮಾಡುತ್ತದೆ. ಗುಣಮಟ್ಟದ ಬಗ್ಗೆ ದೂರುಗಳಿದ್ದರೂ, ಪೇಟೆಯ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯದ ಏರ್ಪಾಡು ಅದು. ಟಾಮ್ಸ್ ಕೂಡ ಸುಮಾರು ಹತ್ತು ಕೋಟಿ ಜೊತೆಗಳ ಹತ್ತಿರ ಹಂಚಿದ ಮೇಲೆ, 2019ರಲ್ಲಿ ಒಂದಕ್ಕೊಂದು ಎಂಬ ಸೂತ್ರವನ್ನು ಕೈಬಿಟ್ಟು, ನಿವ್ವಳ ಲಾಭದ ಮೂರನೇ ಒಂದು ಭಾಗವನ್ನು ಸಂಘಸಂಸ್ಥೆಗಳಿಗೆ ಕೊಡುವ ದಾರಿ ಹಿಡಿಯಿತು. ಅದೇ ವರ್ಷದ ಕೊನೆಗೆ ಸಾಲದ ಭಾರಕ್ಕೆ ಕುಸಿದು ಕಂಪನಿಯೇ ಸಾಲ ಕೊಟ್ಟವರ ಕೈಸೇರಿತು. ದಾನದ ಮೊತ್ತವನ್ನು ಮಾರಾಟಕ್ಕೋ ಲಾಭಕ್ಕೋ ಕಟ್ಟಿಹಾಕಿದರೆ, ವ್ಯಾಪಾರ ಮಗ್ಗುಲಾದ ದಿನ ಮಕ್ಕಳ ಪಾಲೂ ಮಗ್ಗುಲಾಗುತ್ತದೆ.

ಇನ್ನು ಕಾಸ್ಟಿಂಗ್ ಶೀಟಿನ ವಿಷಯ. ಒಂದು ಮಕ್ಕಳ ಫ್ರಾಕಿಗೆ ಬಯರ್ ಬೆಲೆ ಕೇಳಿದಾಗ ಮೊದಲ ಸಾಲಿನಲ್ಲಿ ಬಟ್ಟೆ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಹಣ ಅಲ್ಲೇ ಹೋಗುವುದು ಸಾಮಾನ್ಯ. ಅದರ ಕೆಳಗೆ ಗುಂಡಿ, ಜಿಪ್ಪು, ಲೇಬಲ್, ದಾರ, ಪಾಲಿಬ್ಯಾಗು ಎಂಬ ಟ್ರಿಮ್ಸ್ ಬಾಬ್ತು. ಅನಂತರ ಹೊಲಿಗೆ. ಹೊಲಿಗೆಯನ್ನು ನಿಮಿಷಗಳಲ್ಲಿ ಅಳೆಯುತ್ತಾರೆ; ಇಂಥ ಫ್ರಾಕಿಗೆ ಇಷ್ಟು ನಿಮಿಷವೆಂದು ಕೈಗಾರಿಕಾ ಎಂಜಿನಿಯರ್ ಸ್ಟಾಪ್‌ವಾಚ್ ಹಿಡಿದು ನಿಗದಿ ಮಾಡಿದ ಲೆಕ್ಕ ಅದು. ಹತ್ತಿಯ ಬೆಲೆಯನ್ನು ಯಾರೂ ಬಗ್ಗಿಸಲಾರರು, ಹಡಗಿನ ಬಾಡಿಗೆಯನ್ನೂ ಬಗ್ಗಿಸಲಾರರು. ಆದ್ದರಿಂದ ಚೌಕಾಸಿಯೆಲ್ಲ ಸುತ್ತಿ ಬಳಸಿ ಆ ನಿಮಿಷಗಳ ಮೇಲೆಯೇ ಬಂದು ಕೂರುತ್ತದೆ. ಎರಡು ನಿಮಿಷ ಕಡಿಮೆ ಮಾಡಿ ಎಂದು ಬಯರ್ ಕೇಳಿದರೆ, ಲೈನಿನಲ್ಲಿ ಗಂಟೆಯ ಟಾರ್ಗೆಟ್ ಏರುತ್ತದೆ, ಟೇಲರ್ ನೀರು ಕುಡಿಯಲು ಏಳುವುದನ್ನು ಬಿಡುತ್ತಾಳೆ.

ಒಮ್ಮೆ ಒಂದು ಆರ್ಡರಿನಲ್ಲಿ ಪ್ರತಿ ಪೀಸಿಗೂ ಎರಡು ಟ್ಯಾಗ್‌ಗಳಿದ್ದವು. ಒಂದು ಬೆಲೆಯದು; ಇನ್ನೊಂದು, ಈ ಉಡುಪಿನ ಮಾರಾಟದಿಂದ ಬಡ ದೇಶದ ಮಗುವೊಂದರ ಓದಿಗೆ ನೆರವಾಗುವುದೆಂದು ಸಾರುವ, ಮರುಬಳಕೆಯ ದಪ್ಪ ಕಾಗದದ ಟ್ಯಾಗು. ಆ ಕಾಗದವನ್ನು ಬಯರ್ ಸೂಚಿಸಿದವರಿಂದಲೇ ಕೊಳ್ಳಬೇಕಾಗಿತ್ತು, ಅದರ ಖರ್ಚು ನಮ್ಮ ಟ್ರಿಮ್ಸ್ ಸಾಲಿಗೆ ಬಿತ್ತು, ಒಟ್ಟು ಬೆಲೆ ಮಾತ್ರ ಹಿಂದಿನ ವರ್ಷದ್ದೇ ಇರಬೇಕೆಂಬ ಕರಾರು. ಫಿನಿಶಿಂಗ್ ಸೆಕ್ಷನ್ನಿನಲ್ಲಿ ಟ್ಯಾಗ್ ಗನ್ ಹಿಡಿದು ಅದನ್ನು ಚುಚ್ಚುತ್ತಿದ್ದ ಹೆಂಗಸೊಬ್ಬರು, ಇದರಲ್ಲಿ ಏನು ಬರೆದಿದೆಯೆಂದು ನನ್ನನ್ನು ಕೇಳಿದರು. ಓದಿ ಹೇಳಿದೆ. ಅವರು ಕೈ ನಿಲ್ಲಿಸದೆಯೇ, "ಯಾವೂರಿನ ಮಕ್ಕಳಿಗಂತೆ ಮೇಡಂ?" ಎಂದರು. ವ್ಯಂಗ್ಯವೇನೂ ಇರಲಿಲ್ಲ, ಅರ್ಜಿ ಹಾಕಲು ಸಾಧ್ಯವೇ ಎಂದು ತಿಳಿಯುವ ಕುತೂಹಲ ಅಷ್ಟೆ. ಅವರ ಮಗಳು ಆ ವರ್ಷ ಎಂಟನೇ ತರಗತಿಗೆ ಹೋಗಬೇಕಿತ್ತು.

ಫ್ಯಾಷನ್ ಉದ್ಯಮವು ಬಡ ಮಗುವನ್ನು ಹುಡುಕಿಕೊಂಡು ಖಂಡಾಂತರ ಹೋಗಬೇಕಾಗಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಆ ಮಗು ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ, ಮೈಸೂರು ರಸ್ತೆಯ ಬದಿಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇದೆ; ಅಥವಾ ಅಜ್ಜಿಯ ಜೊತೆ ಊರಿನಲ್ಲಿ ಉಳಿದಿದೆ. 2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಬೇಕಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ 417 ರೂಪಾಯಿ. ಕೊರೊನಾ ಕಾರಣದಿಂದ ಸರ್ಕಾರ ಅದನ್ನು ಮುಂದೂಡಿತು. ಬಾಕಿ ಸಮೇತ ಕೊಡಬೇಕೆಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಹೇಳಿದ ಮೇಲೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಸುಮಾರು ನಾಲ್ಕು ಲಕ್ಷ ಕಾರ್ಮಿಕರ ಈ ಬಾಕಿಯ ವಿಷಯವನ್ನು ಯೂನಿಯನ್‌ಗಳೂ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯೂ ವಿದೇಶಿ ಬ್ರ್ಯಾಂಡ್‌ಗಳ ಬಾಗಿಲಿಗೆ ಒಯ್ದ ಮೇಲೆ, 2022ರ ಹೊತ್ತಿಗೆ ಹಣ ಕೈಸೇರತೊಡಗಿತು. ತಿಂಗಳಿಗೆ 417 ಎಂದರೆ ವರ್ಷಕ್ಕೆ ಐದು ಸಾವಿರದ ಮೇಲೆ ನಾಲ್ಕು ರೂಪಾಯಿ. ಸರ್ಕಾರಿ ಶಾಲೆಯ ಮಗುವೊಂದರ ನೋಟ್‌ಬುಕ್ಕು, ಚೀಲ, ಬಸ್ ಪಾಸು, ಮಳೆಗಾಲದ ಜ್ವರದ ಔಷಧಿ ಎಲ್ಲವೂ ಆ ಮೊತ್ತದಲ್ಲಿ ಬಂದುಹೋಗುತ್ತವೆ. ಯಾವ ಟ್ಯಾಗಿನಲ್ಲೂ ಈ ಲೆಕ್ಕ ಅಚ್ಚಾಗಲಿಲ್ಲ.

2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ನಿರ್ಬಂಧ ಹೇರಿದ ಹೊಸ ನಿಯಮದ ವಿರುದ್ಧ ಇದೇ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ಎರಡು ದಿನ ತುಂಬಿ ನಿಂತದ್ದನ್ನು ಬೆಂಗಳೂರಿನವರು ಮರೆತಿರಲಾರರು. ಕೇಂದ್ರ ಸರ್ಕಾರ ನಿಯಮವನ್ನೇ ಹಿಂದೆಗೆದುಕೊಂಡಿತು. ಹೊರಗಿನವರಿಗೆ ಅದು ಪಿಂಚಣಿಯ ಗಲಾಟೆಯಾಗಿ ಕಂಡಿತು. ನಮ್ಮ ಲೈನಿನಲ್ಲಿದ್ದವರಿಗೆ ಪಿಎಫ್ ಎಂದರೆ ಮಗನ ಐಟಿಐ ಫೀಸು, ಮಗಳ ಪಿಯುಸಿ ದಾಖಲಾತಿ.

ಮಕ್ಕಳನ್ನೇ ಕೇಂದ್ರದಲ್ಲಿಟ್ಟು, ಮಾರಾಟದ ಮೂಲಕವೇ ಸಾಧಿಸಿದ ಕೆಲಸದ ಮಾದರಿ ನನ್ನ ಮಟ್ಟಿಗೆ ರತ್ನಗಂಬಳಿ ಉದ್ಯಮದ್ದು, ಅಂದರೆ ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರ ಭಾಗದ ನೆಲಹಾಸುಗಳದ್ದು. ಮಗ್ಗದ ಮುಂದೆ ಕೂರಿಸಲ್ಪಟ್ಟ ಮಕ್ಕಳನ್ನು ಬಿಡಿಸುತ್ತಿದ್ದ ಕೈಲಾಶ್ ಸತ್ಯಾರ್ಥಿಯವರು, ದಾಳಿ ಮಾಡಿ ಬಿಡಿಸಿದಷ್ಟೂ ಹೊಸ ಮಕ್ಕಳು ಬಂದು ಕೂರುವುದನ್ನು ಕಂಡು, ಕೊಳ್ಳುವವರ ಕಡೆಯಿಂದಲೇ ಒತ್ತಡ ತರಬೇಕೆಂದು 1994ರಲ್ಲಿ ರಗ್‌ಮಾರ್ಕ್ ಎಂಬ ಗುರುತನ್ನು ಹುಟ್ಟುಹಾಕಿದರು. ಈಗ ಅದರ ಹೆಸರು ಗುಡ್‌ವೀವ್. ಪ್ರತಿ ನೆಲಹಾಸಿನ ಹಿಂದೆ ಸಂಖ್ಯೆಯುಳ್ಳ ಲೇಬಲ್ ಇರುತ್ತದೆ. ಲೇಬಲ್ ಬೇಕಾದವರು ತಮ್ಮ ಮಗ್ಗಗಳಿಗೆ ಹೇಳದೆ ಕೇಳದೆ ಬರುವ ತಪಾಸಣೆಗೆ ಒಪ್ಪಬೇಕು. ಆಮದುದಾರರು ಕಟ್ಟುವ ಶುಲ್ಕದಿಂದ ತಪಾಸಣೆಯೂ ಬಿಡಿಸಿದ ಮಕ್ಕಳ ಶಿಕ್ಷಣವೂ ನಡೆಯುತ್ತವೆ. ಇಲ್ಲಿ ಗಿರಾಕಿಯ ಹಣ ತಾನು ಕೊಂಡ ವಸ್ತುವಿನ ಹುಟ್ಟಿನ ಜಾಗಕ್ಕೇ ಹಿಂತಿರುಗುತ್ತದೆ. ನಮ್ಮ ರಾಮನಗರ, ಮಾಗಡಿಗಳ ರೇಷ್ಮೆಗೂ ಇಂಥದೊಂದು ಗುರುತು ಆಗ ಇದ್ದಿದ್ದರೆ ಎಂದು ನಾನು ಯೋಚಿಸಿದ್ದುಂಟು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ರೇಷ್ಮೆ ಘಟಕಗಳ ಜೀತದ ಮಕ್ಕಳೂ ಇದ್ದರು. ಗೂಡು ಬೇಯುವ ಕುದಿನೀರಿಗೆ ಬೆರಳಿಟ್ಟು ಎಳೆ ಹುಡುಕಿ ಬೊಬ್ಬೆ ಎದ್ದ ಕೈಗಳ ವಿವರವಿತ್ತು. ಆ ಎಳೆಯಿಂದ ನೆಯ್ದ ಸೀರೆಗಳನ್ನು ನಮ್ಮ ಮನೆಗಳ ಮದುವೆಗಳಲ್ಲಿ ಉಟ್ಟಿದ್ದೇವೆ.

ದೆಹಲಿಯಲ್ಲಿ 1999ರಲ್ಲಿ ಅಂಶು ಗುಪ್ತ ಆರಂಭಿಸಿದ ಗೂಂಜ್ ಸಂಸ್ಥೆಯ ಪದ್ಧತಿಯೂ ಉಲ್ಲೇಖಿಸತಕ್ಕದ್ದು. ಹಳೆಯ ಬಟ್ಟೆಯನ್ನು ಭಿಕ್ಷೆಯಂತೆ ಹಂಚದೆ, ಊರವರು ಸೇರಿ ಬಾವಿ ತೋಡಿದ್ದಕ್ಕೋ ರಸ್ತೆ ಮಾಡಿದ್ದಕ್ಕೋ ಸಲ್ಲುವ ಕೂಲಿಯಾಗಿ ಕೊಡುತ್ತಾರೆ. ಬೇರೆಯವರೇ ಪೂರೈಸಲಿ ಎಂದ ಎಲ್ ಸಾಲ್ವಡಾರ್‌ನ ಆ ಶೇ 79ರ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಇದನ್ನೆಲ್ಲ ಬರೆಯಲು ಈಗ ಕಾರಣವಾದದ್ದು ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳು. ಮಕ್ಕಳ ಹತ್ತಿ ಉಡುಪುಗಳ ಒಂದು ಸಣ್ಣ ಬ್ರ್ಯಾಂಡ್ ಮಾಡಿ ಆನ್‌ಲೈನಿನಲ್ಲಿ ಮಾರಬೇಕೆಂದು ಹೊರಟಿದ್ದಾಳೆ. ಒಂದು ಫ್ರಾಕ್ ಮಾರಿದರೆ ಒಂದು ಫ್ರಾಕನ್ನು ಬಡ ಮಗುವಿಗೆ ಕೊಡುವುದು ಅವಳ ಮೊದಲ ಯೋಜನೆ. ಕೊಡುವ ಫ್ರಾಕಿಗೆ ಸಾಗಣೆಯೂ ಸೇರಿ 250 ರೂಪಾಯಿ ತಗಲುತ್ತದೆಂದು ಲೆಕ್ಕ ಹಾಕಿದ್ದಳು. ಮಾರುವ ಫ್ರಾಕಿನ ಹೊಲಿಗೆ ಕೂಲಿ ಎಷ್ಟು ಎಂದು ಕೇಳಿದೆ. ಅದು 250ರ ಹತ್ತಿರವೂ ಇರಲಿಲ್ಲ. ಕೊಡುವ ಫ್ರಾಕಿನ ದುಡ್ಡಿನ ಒಂದು ಪಾಲನ್ನು ಕೂಲಿಗೆ ಸೇರಿಸಿದರೂ ಹೊಲಿಯುವವರ ದಿನದ ಗಳಿಕೆ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಉಳಿದದ್ದರಲ್ಲಿ ಮಕ್ಕಳಿಗಾಗಿ ಒಂದು ಕೋಣೆ ನಡೆಸಬಹುದು ಎಂದೆ.

ಕೋಣೆಯ ಮಾತು ಸುಮ್ಮನೆ ಬಂದದ್ದಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ದೊಡ್ಡ ಗಾರ್ಮೆಂಟ್ಸ್‌ಗಳಲ್ಲಿ ಕ್ರೆಶ್ ಇರುತ್ತದೆ, ಆದರೆ ಬೆಳಗಿನ ತುಂಬಿದ ಬಸ್ಸಿನಲ್ಲೋ ಟೆಂಪೊದಲ್ಲೋ ಕೂಸನ್ನು ಎತ್ತಿಕೊಂಡು ಬರುವುದು ಹೇಗೆ? ಇನ್ನು ಆರು ವರ್ಷ ದಾಟಿದ ಮಗು ಶಾಲೆ ಬಿಟ್ಟ ಮೇಲೆ ತಾಯಿ ಮನೆ ಸೇರುವ ತನಕ ಎಲ್ಲಿರಬೇಕೆಂಬುದಕ್ಕೆ ಯಾವ ಕಾಯ್ದೆಯೂ ಉತ್ತರ ಕೊಟ್ಟಿಲ್ಲ. ಹೆಣ್ಣುಮಗುವಾದರೆ ಆ ಮೂರು ಗಂಟೆಗಳ ಭಯಕ್ಕೇ ತಾಯಿ ಕೆಲಸ ಬಿಡುತ್ತಾಳೆ, ಇಲ್ಲವೇ ಮಗಳನ್ನು ಊರಿಗೆ ಕಳುಹಿಸುತ್ತಾಳೆ. ಹೊಲಿಗೆ ಘಟಕದ ಬೀದಿಯಲ್ಲಿಯೇ ಸಂಜೆ ಮಕ್ಕಳು ಕುಳಿತು ಓದುವ, ಒಂದಿಷ್ಟು ತಿಂಡಿ ತಿನ್ನುವ ಜಾಗವಿದ್ದರೆ, ಅದೇ ಸಾಕಷ್ಟು ದೊಡ್ಡ ಸಮಾಜಸೇವೆ.

"ಚಿಕ್ಕಮ್ಮ, ಜಾಸ್ತಿ ಕೂಲಿ ಕೊಟ್ಟೆ ಅಂತ ಇನ್‌ಸ್ಟಾಗ್ರಾಮಿನಲ್ಲಿ ಏನಂತ ತೋರಿಸಲಿ?" ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ, ಹೊಸ ಫ್ರಾಕ್ ತೊಟ್ಟ ಮಗುವಿನ ಚಿತ್ರಕ್ಕೆ ಇರುವ ಶಕ್ತಿ ಸಂಬಳದ ಚೀಟಿಯ ಚಿತ್ರಕ್ಕೆ ಇಲ್ಲ. ಸಂಬಳದ ಚೀಟಿಯನ್ನೇ ಹಾಕು, ಪ್ರತಿ ಫ್ರಾಕಿನ ಪುಟದಲ್ಲಿ ಬಟ್ಟೆಗೆ ಇಷ್ಟು, ಹೊಲಿಗೆಗೆ ಇಷ್ಟು, ನನ್ನ ಲಾಭ ಇಷ್ಟು ಎಂದು ಬರೆ ಎಂದೆ. ಲಾಭದ ಸಾಲನ್ನು ಬಹಿರಂಗಪಡಿಸಲು ಅವಳಿಗೆ ಇನ್ನೂ ಮನಸ್ಸಿಲ್ಲ. ನಂಜನಗೂಡಿನ ಕಡೆಯ ಘಟಕದ ಮಾಲೀಕರು ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ. ಆದರೆ ಅದೇ ಹೆಂಗಸರು ಬೇರೆ ನಾಲ್ಕೈದು ಬ್ರ್ಯಾಂಡ್‌ಗಳಿಗೂ ಹೊಲಿಯುತ್ತಿರುವುದರಿಂದ, ಮಕ್ಕಳನ್ನು ನೋಡಿಕೊಳ್ಳುವ ಆಯಾಳ ಸಂಬಳವನ್ನು ಇವಳೊಬ್ಬಳೇ ಏಕೆ ಹೊರಬೇಕೆಂಬ ಪ್ರಶ್ನೆ ಎದ್ದಿದೆ. ಉಳಿದವರಿಗೂ ಪತ್ರ ಬರೆದಿದ್ದಾಳೆ. ಇಬ್ಬರಿಂದ ಉತ್ತರ ಬಂದಿದೆ: ಒಬ್ಬರು ಮುಂದಿನ ಸೀಸನ್ನಿನಿಂದ ಪಾಲು ಕೊಡುವುದಾಗಿ ಹೇಳಿದ್ದಾರೆ, ಇನ್ನೊಬ್ಬರು ಕೋಣೆಯಲ್ಲಿ ತಮ್ಮ ಬೋರ್ಡು ಹಾಕಬಹುದೇ ಎಂದು ಕೇಳಿದ್ದಾರೆ.