ತಳದ ಅಂಕಣ

ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಹೊಸ ಮೇಲ್ವಿಚಾರಕಿ ಬಂದಿದ್ದಾರೆ.
ಇಂದು ಸಂಜೆ ಹೋದಾಗ ಮಕ್ಕಳ ಪುಸ್ತಕಗಳೆಲ್ಲ ಕಪಾಟಿನ ತಳದ ಅಂಕಣಕ್ಕೆ ಇಳಿದಿದ್ದವು.

ಪುಟ್ಟ ಹುಡುಗಿಯೊಬ್ಬಳು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಯಾರನ್ನೂ ಕೇಳದೆ ಒಂದೊಂದೇ ಪುಸ್ತಕ ಎಳೆಯುವುದು, ಚಿತ್ರ ನೋಡುವುದು, ಮತ್ತೆ ಒಳಗೆ ತಳ್ಳುವುದು. ಕೆಲವು ತಲೆಕೆಳಗಾಗಿಯೇ ಒಳಹೋದವು. ಮೇಡಂ ನೋಡುತ್ತಿದ್ದರು, ಸರಿಪಡಿಸಲು ಏಳಲಿಲ್ಲ. ನನಗೆ ಅದೇ ಬಹಳ ಹಿಡಿಸಿತು.

ಮಾತಿಗೆಳೆದೆ. ಊರು ಹಾವೇರಿಯ ಕಡೆ. ಓದಿದ್ದು ಗಣಿತ. ಬಿಡುವಿನಲ್ಲಿ ಕೌದಿ ಹೊಲಿಯುತ್ತಾರೆ. ಚದುರಂಗವೆಂದರೆ ಪ್ರಾಣ.

ಗಣಿತ ಓದಿ ಇಲ್ಲಿಗೇಕೆ ಬಂದಿರಿ ಎಂದೆ.
"ರಂಗನಾಥನ್ ಅವರೂ ಗಣಿತದ ಮೇಷ್ಟ್ರೇ ಆಗಿದ್ದರಲ್ಲ!"

ಹೌದು, ಎಸ್.ಆರ್. ರಂಗನಾಥನ್. ಗಣಿತ ಪಾಠ ಮಾಡುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಗ್ರಂಥಾಲಯಗಳಿಗೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ. ಇಷ್ಟು ಸರಳವಾದ ಮಾತನ್ನು ಎಷ್ಟೊಂದು ಕಡೆ ಇಂದಿಗೂ ಬೀಗದೊಳಗೆ ಇಟ್ಟಿದ್ದೇವೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

"ಪುಸ್ತಕ ಹರಿದರೆ ಅಂಟಿಸಬಹುದು. ಗದರಿಸಿಕೊಂಡ ಮಗು ಮತ್ತೆ ಬರುವುದಿಲ್ಲ" ಎಂದರು ಮೇಡಂ. ಬೈಂಡಿಂಗ್ ಮಾಡುವ ಅಂಟು, ಬಟ್ಟೆಪಟ್ಟಿ ಮೇಜಿನ ಮೇಲೇ ಇದ್ದವು. ಕೌದಿಯ ಸೂಜಿಯೂ ಅಲ್ಲೇ ಇತ್ತು; ಬಿಚ್ಚಿಹೋದ ಹಾಳೆಗಳನ್ನು ಅದರಿಂದಲೇ ಹೊಲಿಯುತ್ತಾರಂತೆ.

ಮಕ್ಕಳಿಗೆ ಚದುರಂಗ ಹೇಳಿಕೊಡುವ ಆಸೆಯೂ ಇದೆ. ಈಗಿರುವುದು ಒಂದೇ ಹಾಸು, ಅದೂ ಅವರದೇ. ಮನೆಯಲ್ಲಿ ಬಳಸದ ಚದುರಂಗದ ಹಾಸು, ಕಾಯಿಗಳಿದ್ದರೆ ದಯವಿಟ್ಟು ಗ್ರಂಥಾಲಯಕ್ಕೆ ತಂದುಕೊಡಿ. ಒಂದೆರಡು ಕಾಯಿ ಕಳೆದುಹೋಗಿದ್ದರೂ ನಡೆಯುತ್ತದೆ.